ಒಬ್ಬನೇ ನಡೆದ ಧಣಿ

ಹೊಳೆ ಹೋಗಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅಂತೀವಲ್ಲ, ಅಂಥ ಅಳಿವೆಯ ದಂಡೆಯಲ್ಲಿ ಒಂದು ಊರು. ಆ ಊರಿಗೊಬ್ಬ ಶ್ರೀಮಂತ. ಕೆಟ್ಟವನಲ್ಲ ನೋಡಿ, ಅದನ್ನು ಮೊದಲೇ ಹೇಳಿಬಿಡ್ತೀನಿ. ದಾನ ಮಾಡ್ತಿದ್ದ, ಪೂಜೆ ಮಾಡ್ತಿದ್ದ, ಯಾರಿಗೂ ಗಡಸು ಮಾತು ಆಡಿದವನಲ್ಲ. ಅವನು ಹೂಂ ಅಂದರೆ ಊರು ಹೂಂ ಅಂತಿತ್ತು.

ದಂಡೆಯ ಉದ್ದಕ್ಕೂ ಕಾಂಡ್ಲಾ ಗಿಡಗಳ ಕಾಡಿತ್ತು. ಉಪ್ಪುನೀರಲ್ಲೇ ಬೆಳೆದು, ಬೇರಿನಿಂದ ಮಣ್ಣು ಹಿಡಿದು, ನೀರು ಊರಿಗೆ ನುಗ್ಗದ ಹಾಗೆ ತಡೆಯೋ ಗಿಡ. ಯಾರೋ ಹೊರಗಿನವರು ಬಂದರು, ಸಿಗಡಿ ಸಾಕುವ ಹೊಂಡ ತೋಡೋದಕ್ಕೆ ಕಾಡು ಕಡಿದರು. ನಾಲ್ಕು ವರ್ಷಕ್ಕೆ ಸಿಗಡಿಗೆ ರೋಗ ಬಿತ್ತು, ಹೊಂಡ ಬಿಟ್ಟು ಹೋದರು. ಕಾಡು ವಾಪಸ್ ಬಂತಾ? ಬರಲಿಲ್ಲ. ಬೋಳು ದಂಡೆ ಮಳೆಗಾಲ ಮಳೆಗಾಲಕ್ಕೂ ಕುಸಿಯತೊಡಗಿತು.

ಆ ದಂಡೆಯ ಮೇಲೇ ಒಬ್ಬ ಹೆಂಗಸು ವಯಸ್ಸಿಗೆ ಬಂದ ಮಗಳ ಜೊತೆ ಇದ್ದಳು. ಇಬ್ಬರೂ ಕೆಸರಲ್ಲಿ ನಿಂತು ಚಿಪ್ಪಿ ಆರಿಸಿ ಬದುಕೋರು. ಅವಳು ಮನೆಮನೆ ತಿರುಗಿದಳು. ಗಿಡ ಮತ್ತೆ ನೆಡಿಸಿ, ಅವು ಬೆಳೆಯೋವರೆಗೆ ದಂಡೆಗೆ ಒಂದು ಮಣ್ಣಿನ ಒಡ್ಡು ಹಾಕಿಸಿ ಅಂತ ಕೇಳೋಣ, ಸೋಮವಾರ ತಾಲ್ಲೂಕು ಕಚೇರಿವರೆಗೆ ಐದು ಮೈಲಿ ನಡೆಯೋಣ, ಬೈಯೋದು ಬೇಡ, ಕಲ್ಲು ಬೇಡ, ಸುಮ್ಮನೆ ನಡೆಯೋಣ ಅಂದಳು. ಊರವರು ಏನಂದರು? ಧಣಿ ಬಂದರೆ ನಾವೂ ಬರ್ತೀವಿ ಅಂದರು.

ಅವಳು ಶ್ರೀಮಂತನ ಅಂಗಳಕ್ಕೆ ಬಂದಳು. ಅವನು ಪ್ರೀತಿಯಿಂದಲೇ ಮಾತಾಡಿಸಿದ. ಒಳ್ಳೆ ಕೆಲಸ, ನನ್ನ ಮನಸ್ಸು ನಿಮ್ಮ ಜೊತೆಗೇ ಇದೆ, ನಡೆಯೋರಿಗೆಲ್ಲ ಮಜ್ಜಿಗೆ ಕಳಿಸ್ತೀನಿ ಅಂದ.

"ಮಜ್ಜಿಗೆ ಬೇಡ ಒಡೆಯಾ," ಅಂದಳು ಅವಳು. "ನೀವು ನಾಲ್ಕು ಹೆಜ್ಜೆ ನಡೀರಿ, ಸಾಕು. ನಿಮ್ಮ ಹಿಂದೆ ಊರೇ ಬರ್ತದೆ."

ನೋಡೋಣ ಅಂದ. ನಾವೂ ಹಾಗೇ ಅಂತೀವಲ್ಲ, ನೋಡೋಣ!

ಸೋಮವಾರ ಬಂತು. ಅವನು ಜಗಲಿಯ ಮೇಲೆ ಕೂತಿದ್ದ. ಬೀದಿಯವರು ಅವನ ಜಗಲಿಯ ಕಡೆ ನೋಡಿದರು, ತಮ್ಮ ತಮ್ಮ ಬಾಗಿಲು ಹಾಕಿಕೊಂಡರು. ಮೆರವಣಿಗೆ ಅವನ ಕಣ್ಣೆದುರೇ ಹೋಯಿತು. ಎಷ್ಟು ಜನ? ಹತ್ತೊಂಬತ್ತು ಜನ. ಕಚೇರಿಯಲ್ಲಿ ಅಧಿಕಾರಿ ಮನವಿ ತಗೊಂಡರು. ಇದು ಊರಿನ ಬೇಡಿಕೆ ಅಲ್ಲಮ್ಮ, ಊರಿಗೆ ಬೇಕಿದ್ದರೆ ಊರೇ ಬರ್ತಿತ್ತು ಅಂದರು. ಅವರು ಸುಳ್ಳು ಹೇಳಿದರಾ? ನೀವೇ ಹೇಳಿ.

ಮರುವರ್ಷ ಆಷಾಢದ ಒಂದು ಮಧ್ಯಾಹ್ನ ಹೊಳೆ ಮೇಲಿನಿಂದ ಉಕ್ಕಿ ಬಂತು, ಸಮುದ್ರ ಕೆಳಗಿನಿಂದ ಏರಿತು. ದಂಡೆ ಒಡೆಯಿತು. ಶ್ರೀಮಂತನ ಮನೆ ಎತ್ತರದಲ್ಲಿತ್ತು, ಅವನಿಗೆ ಏನೂ ಆಗಲಿಲ್ಲ. ಆ ಹೆಂಗಸು ಒಂದು ತೆಂಗಿನ ಮರ ತಬ್ಬಿಕೊಂಡು ಉಳಿದಳು. ಮಗಳು ಉಳಿಯಲಿಲ್ಲ. ಮೂರನೇ ದಿನ ಹೆಣ ಸಿಕ್ಕಿತು.

ಶ್ರೀಮಂತ ಆ ತಾಯಿಯನ್ನು ನೋಡೋದಕ್ಕೆ ಹೋದ. ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಬೈಯಲಿಲ್ಲ. ಒಂದೇ ಮಾತು ಅಂದಳು.

"ಅವತ್ತು ಅವಳೂ ನಡೆದಿದ್ಲು ಒಡೆಯಾ."

ಮರುದಿನ ಅವನು ಎದ್ದ. ಯಾರನ್ನೂ ಕರೆಯೋ ಮುಖ ಅವನಿಗಿರಲಿಲ್ಲ. ಆ ಐದು ಮೈಲಿ ಒಬ್ಬನೇ ನಡೆದ. ಅಧಿಕಾರಿ ಎದ್ದು ಕುರ್ಚಿ ಕೊಟ್ಟರು. ಆಮೇಲೆ ಬಾಗಿಲ ಹೊರಗೆ ಇಣುಕಿ ನೋಡಿ ಕೇಳಿದರು, "ಒಬ್ರೇ ಬಂದ್ರಾ?"



ನೋಡಿ, ಹೋದ ವರ್ಷ ನಮ್ಮೂರ ಹಳ್ಳಕ್ಕೆ ಜೀವ ತರಬೇಕು ಅಂತ ನಡೆದವರು ಮಠಕ್ಕೂ ಬಂದಿದ್ದರು. ನಾನು ಆಶೀರ್ವಾದ ಮಾಡಿ ಒಳಗೆ ಹೋದೆ. ಈ ಪೀಠದ ಮೇಲೆ ಕೂತು ಇದನ್ನು ಹೇಳೋದಕ್ಕೆ ನನಗೆ ನಾಚಿಕೆ ಆಗ್ತದೆ. ಬರೋ ಭಾನುವಾರ ಅವರು ಮತ್ತೆ ನಡೀತಾರೆ. ಹಳ್ಳಕ್ಕೆ ಕಸ ಸುರಿಯೋದನ್ನು ಇವತ್ತೇ ನಿಲ್ಲಿಸಿ. ಯಾರು ಬರ್ತಾರೆ ನೋಡಿಕೊಂಡು ಬರ್ತೀನಿ ಅನ್ನೋದನ್ನು ಬಿಡಿ. ಮನಸ್ಸು ನಿಮ್ಮ ಜೊತೆಗಿದೆ ಅನ್ನೋದನ್ನಂತೂ ಬಿಟ್ಟೇಬಿಡಿ. ಮನಸ್ಸಿಗೆ ಕಾಲಿಲ್ಲ ತಾಯಂದಿರೇ, ಕಾಲಿರೋದು ನಮಗೆ. ಬೆಳಿಗ್ಗೆ ಏಳಕ್ಕೆ ನಾನು ಸೇತುವೆ ಹತ್ತಿರ ನಿಂತಿರ್ತೀನಿ. ಬರುವಾಗ ಪಕ್ಕದ ಮನೆಯ ಬಾಗಿಲು ತಟ್ಟಿ ಬನ್ನಿ.