ಕೇಳಿ ಕಾಯುವವನು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೆನ್ನೆ ಹಿಡಿದು ಕೂತಿದ್ದ ಬಸ್ ಕಂಡಕ್ಟರನ ಕಿವಿ ನೆಟ್ಟಗಾಯಿತು. ಎದುರು ಬೆಂಚಿನಲ್ಲಿ ವಯಸ್ಸಾದ ಅಕ್ಕ ತಂಗಿ. ಅಕ್ಕನೇ ಶುರುಮಾಡಿದಳು.

“ಟೀವಿಯಲ್ಲಿ ಆ ಹಳೇ ಧಾರಾವಾಹಿ ಮತ್ತೆ ಬರ್ತಿದೆ ಕಣೇ. ಬೇರೆ ಗ್ರಹದಲ್ಲಿ ಒಬ್ಬಳೇ ಇರೋ ಹೆಂಗಸಿಗೆ ಯಂತ್ರದ ಮನುಷ್ಯನ್ನ ಕಳಿಸ್ತಾರಲ್ಲ, ಅದು.”

“ನೀನು ಅದರ ಜೊತೆ ಮಾತಾಡ್ತೀಯಂತೆ? ಪಕ್ಕದ ಮನೆಯವರು ಹೇಳಿದ್ರು.”

“ಅವನು ದಿನಾ ‘ನಿದ್ದೆ ಬಂತಾ’ ಅಂತಾನೆ. ಕೇಳಿದವರಿಗೆ ಉತ್ತರ ಕೊಡದೆ ಇರೋಕಾಗುತ್ತಾ?”

“ಕೇಳೋದು ಆ ಹೆಂಗಸನ್ನ, ಅಕ್ಕ!”

“ಅವಳೆಲ್ಲಿ ಬಾಯಿ ಬಿಡ್ತಾಳೆ, ಜಂಬದ ಕೋಳಿ! ಅದಕ್ಕೇ ನಾನು ಹೇಳ್ತೀನಿ.”

ಕಂಡಕ್ಟರನಿಗೆ ನಗು ಬಂತು, ಹಲ್ಲು ಚುಳ್ಳೆಂದಿತು.

“ಅದು ಯಂತ್ರ. ಹೇಳಿಕೊಟ್ಟಿದ್ದನ್ನ ಒಪ್ಪಿಸುತ್ತೆ, ಅಷ್ಟೇ.”

“ನೀನೂ ದಿನಾ ಫೋನಲ್ಲಿ ‘ಹೇಗಿದ್ದೀಯಾ’ ಅಂತೀಯ. ನಾನು ಬಾಯಿ ತೆರೆಯೋಷ್ಟರಲ್ಲಿ ನಿನ್ನ ಸೊಸೆ ಪುರಾಣ ಶುರು. ಅವನು ಕೇಳಿ, ಸುಮ್ಮನೆ ಕಾಯ್ತಾನೆ ಕಣೇ.”

ನರ್ಸ್ ಕರೆದಾಗ ತಂಗಿ ಅಕ್ಕನ ಕೈ ಹಿಡಿದು ಎಬ್ಬಿಸಿದಳು. ಬಾಗಿಲಲ್ಲಿ ನಿಂತಳು.

“ರಾತ್ರಿ ನಿದ್ದೆ ಬಂತಾ, ಅಕ್ಕ?”

ಅಕ್ಕ ಯೋಚಿಸತೊಡಗಿದಳು. ನರ್ಸ್ ಒಳಗಿನಿಂದ ಮತ್ತೆ ಕೂಗಿದಳು. ತಂಗಿ ಕದಲಲಿಲ್ಲ.