ಪಕ್ಕದವಳ ಉಸಿರು

ಯಾರದು ಗುನುಗ್ತಿರೋದು? ನಿಲ್ಲಿಸಿ ಮೊದಲು. ಈ ಕತೆ ಮುಗಿಯೋವರೆಗೂ ಇಲ್ಲಿ ಯಾರೂ ಗುನುಗೋ ಹಾಗಿಲ್ಲ. ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗುತ್ತೆ.

ಆ ರಾತ್ರಿ ದುಂಬಿ ಒಬ್ಬಳೇ ಮನೆ ಕಡೆ ಹೊರಟಿದ್ಲು. ಹಾಡೋ ಹಾಲ್‌ನ ಹಿಂದೆ ಒಂದು ಓಣಿ. ಓಣಿ ತಿರುವಲ್ಲಿ ಹಳೇ ಬಾವಿ, ಅದರ ಬಾಯಿಗೆ ತುಕ್ಕು ಹಿಡಿದ ಕಬ್ಬಿಣದ ಜಾಲರಿ. ಅಲ್ಲಿವರೆಗೆ ಬಂದವಳಿಗೆ ಕಾಲು ಮುಂದಕ್ಕೇ ಬರ್ಲಿಲ್ಲ. ತಂಗೀನ ಹಾಲ್ ಒಳಗೆ ಹಾಡಿನ ಮೇಷ್ಟ್ರ ಹತ್ರ ಬಿಟ್ಟು ಬಂದಿದ್ಲು. ಆ ಹುಡುಗಿ ಕತ್ತಿನ ಮೇಲೆ ಅವತ್ತು ಸಂಜೆ ತಾನೇ ನಾಲ್ಕು ಬೆರಳಿನ ಗುರುತು ಎದ್ದಿತ್ತು.

ದುಂಬಿ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಸೋದರತ್ತೆ ಮಗಳೇ. ಹಗಲೆಲ್ಲ ಹೊಲಿಗೆ ಮಷೀನ್ ಮುಂದೆ ಕೂತು ಗುಂಯ್ ಅಂತ ಗುನುಗ್ತಾಳೆ, ಅದಕ್ಕೇ ಆ ಹೆಸರು. ಸಂಜೆ ಆದ್ರೆ ಕತ್ತರಿ ಕೆಳಗಿಟ್ಟು ಹಾಲ್‌ಗೆ ಓಟ. ಮೂವತ್ತು ಜನ ಸೇರಿ ಹಾಡೋ ಮೇಳ ಅದು. ಇವಳು ಕೆಳದನಿಯ ಸಾಲಲ್ಲಿ ನಿಲ್ಲೋಳು.

ಮೇಳ ನಡೆಸೋ ಮೇಷ್ಟ್ರ ಕಿವಿ ಅಂಥಿಂಥ ಕಿವಿ ಅಲ್ಲ. ಮೂವತ್ತು ಗಂಟಲಲ್ಲಿ ಯಾರ ಶ್ರುತಿ ಕೂದಲೆಳೆಯಷ್ಟು ಇಳೀತು ಅಂತ ಬೆನ್ನು ತಿರುಗಿಸ್ಕೊಂಡೇ ಹೇಳೋರು. ಇಳಿದ ಸ್ವರ ಕಿವಿಗೆ ಬಿದ್ರೆ ಅವರಿಗೆ ತಡ್ಕೊಳ್ಳೋಕೇ ಆಗ್ತಿರ್ಲಿಲ್ಲ. ಬಾಯಲ್ಲಿ ತುತ್ತಿದ್ರೂ ನುಂಗಿ, ಸರಿಯಾದ ಸ್ವರ ಹಾಡಿ ತೋರಿಸಲೇಬೇಕು. ಕಿವಿ ಬಂಗಾರ... ಕೈ ಮಾತ್ರ ಕಟುಕನದು.

ಅವರ ಮೇಳದಲ್ಲೊಂದು ಪಾಠ ಇತ್ತು, ಜೋಡಿ ಉಸಿರು ಅಂತ. ಹಾಡಿನ ಕೊನೇ ಸ್ವರವನ್ನ ತುಂಬಾ ಹೊತ್ತು ಎಳೀಬೇಕು, ಎಲ್ಲೂ ಕಡೀಬಾರದು. ಅಷ್ಟುದ್ದ ಉಸಿರು ಯಾರಿಗಿರುತ್ತೆ ಹೇಳಿ? ಅದಕ್ಕೇ ಇಬ್ಬಿಬ್ಬರ ಜೋಡಿ. ಒಬ್ಬಳು ಉಸಿರು ತಗೊಳ್ಳೋವಾಗ ಇನ್ನೊಬ್ಬಳು ಸ್ವರ ಹಿಡಿದಿರ್ತಾಳೆ. ಗೋಡೆ ಕಡೆಯವಳದು ಮೊದಲ ಸರದಿ. ಅವಳು ತಗೊಂಡು ವಾಪಸ್ ಸ್ವರಕ್ಕೆ ಬಂದ ಮೇಲೆ ಇವಳದು. ಕಣ್ಣಲ್ಲಿ ನೋಡೋ ಹಾಗಿಲ್ಲ, ಕಿವಿಯಲ್ಲಿ ಕಾಯ್ಬೇಕು. ಪಕ್ಕದವಳ ಉಸಿರು ಕೇಳಿಸೋವರೆಗೂ, ಪ್ರಾಣ ಹೋದ್ರೂ, ನೀನು ತಗೊಳ್ಳೋ ಹಾಗಿಲ್ಲ. ತಗೊಂಡ್ರೆ ಬೆತ್ತ ಹೊಟ್ಟೆಗೇ ಬೀಳೋದು. ಉಸಿರು ಹೊರಡೋದು ಅಲ್ಲಿಂದಲೇ ತಾನೇ ಅಂತ ತಮಾಷೆ ಬೇರೆ. ವರ್ಷಗಟ್ಟಲೆ ಹೊಡೆಸ್ಕೊಂಡು ಹೊಡೆಸ್ಕೊಂಡು ಆ ಪಾಠ ಎಲ್ಲರ ಮೈಗೇ ಇಳಿದುಬಿಟ್ಟಿತ್ತು. ಬಿಟ್ಟು ಬರ್ಬಾರದಿತ್ತಾ ಅಂತ ಕೇಳ್ತೀರಿ, ಗೊತ್ತು. ಮೂವತ್ತು ದನಿ ಸೇರಿ ಒಂದೇ ದನಿ ಆಗುತ್ತಲ್ಲ, ಅದರ ರುಚಿ ಹತ್ತಿದವರು ಏಟು ತಿಂದ್ಕೊಂಡೂ ಇರ್ತಾರೆ.

ದುಂಬಿಗೆ ಮುಂಚೆ ಒಬ್ಬಳು ಜೋಡಿ ಇದ್ಲು. ಗಡಿಗೆ ಅಂತ ಕರೀತಿದ್ರು, ದನಿ ಗಡಿಗೆ ಒಳಗಿಂದ ಬಂದ ಹಾಗೆ ಬರೋದು. ಅವಳದ್ದು ಒಂದೇ ದೋಷ. ಸ್ವರ ಎತ್ತೋ ಮುಂಚೆ ಗಂಟಲಲ್ಲಿ ಸಣ್ಣ ಸದ್ದು... ಟಕ್. ಆಮೇಲೆ ಸ್ವರ. ಮೆತ್ತಗೆ ಉಸಿರಿನ ಮೇಲೆ ಸ್ವರ ಇಡು ಅಂತ ಮೇಷ್ಟ್ರು ಹೇಳಿದ್ರು, ಹೊಡೆದ್ರು, ಕತ್ತು ಹಿಡಿದ್ರು. ಹೋಗ್ಲೇ ಇಲ್ಲ ಆ ಟಕ್. ಎರಡು ವರ್ಷದ ಹಿಂದೆ ಒಂದಿನ ಗಡಿಗೆ ಬರ್ಲಿಲ್ಲ. ಯಾವನೋ ಡ್ರೈವರ್ ಜೊತೆ ಓಡಿಹೋದ್ಲು ಅಂದ್ರು ಮೇಷ್ಟ್ರು. ಜನ ನಂಬಿದ್ರು, ದುಂಬಿನೂ ನಂಬಿದ್ಲು. ಗೋಡೆ ಪಕ್ಕದ ಅವಳ ಜಾಗ ಖಾಲಿ ಉಳೀತು.

ಅವತ್ತು ಸಂಜೆ ಆ ಜಾಗಕ್ಕೆ ಮೊದಲನೇ ಸಲ ಒಬ್ಬಳನ್ನ ತಂದು ನಿಲ್ಲಿಸಿದ್ರು. ದುಂಬಿಯ ತಂಗಿ. ಎಳೇ ಹುಡುಗಿ, ಉಸಿರು ಗೇಣುದ್ದ. ಸ್ವರ ಮಧ್ಯದಲ್ಲೇ ಕಡೀತು. ಮೇಷ್ಟ್ರು ಎಲ್ಲರ ಮುಂದೆ ಕತ್ತು ಹಿಡಿದು ಅಲ್ಲಾಡಿಸಿದ್ರು. ಮಿಕ್ಕವರು ನೆಲ ನೋಡ್ತಾ ನಿಂತ್ರು. ಎಲ್ಲ ಮುಗಿದ ಮೇಲೆ, ಇವಳಿರ್ಲಿ, ಪಾಠ ಇದೆ, ನೀನು ಹೊರಡು ಅಂತ ದುಂಬಿಗೆ ಹೇಳಿದ್ರು. ದುಂಬಿ ಹೊರಟುಬಿಟ್ಲು.

ಹೀಗೆ ಬಾವಿ ಹತ್ರ ನಿಂತಿದ್ದು. ಕಿಟಕಿಯಲ್ಲಿ ದೀಪ ಕಾಣ್ತಿತ್ತು. ವಾಪಸ್ ಹೋಗ್ಲಾ, ಬೇಡ್ವಾ... ಹೆದರಿಕೆಗೆ ತನಗೇ ಗೊತ್ತಿಲ್ಲದ ಹಾಗೆ ಗುನುಗೋಕೆ ಶುರು ಮಾಡಿದ್ಲು. ಅದೇ ಕೊನೇ ಸ್ವರ.

ಟಕ್.

ಜಾಲರಿ ಕೆಳಗಿಂದ ಬಂತು. ಹಿಂದೆನೇ, ಮ್‌ಮ್‌ಮ್... ಅದೇ ಶ್ರುತಿ, ಅದೇ ಗಡಿಗೆ ದನಿ.

ಓಡ್ಬೇಕಿತ್ತು ಅಂತೀರಿ. ನೀವಾಗಿದ್ರೆ ಓಡ್ತಿದ್ರಿ. ಪಾಠ ಮೈಗಿಳಿದವಳು ಏನು ಮಾಡ್ತಾಳೆ? ಪಕ್ಕದವಳು ಸ್ವರಕ್ಕೆ ಬಂದ್ಲು, ಅವಳ ಉಸಿರು ಮೊದಲು, ಆಮೇಲೆ ನನ್ನದು ಅಂತ ಕಾದ್ಲು. ಕಿವಿಗೊಟ್ಟು ಕಾದ್ಲು. ಕೆಳಗಿನ ದನಿ ಎಳೀತಾನೇ ಇತ್ತು... ಉಸಿರು ಬರ್ಲೇ ಇಲ್ಲ. ಎದೆ ಬಿಗೀತು. ಕಣ್ಣು ಕತ್ತಲೆ ಬಂತು. ಮಂಡಿ ಕುಸಿದು ಜಾಲರಿ ಮೇಲೆ ಬಿದ್ಲು, ಉಗುರು ಕಬ್ಬಿಣಕ್ಕೆ ಕರ್ರ್ ಅಂತ ಕೆರೀತು. ಮೂಗಿಂದ ರಕ್ತ ಟಪ್, ಟಪ್ ಅಂತ ನೀರಿಗೆ ಬೀಳೋದು ಕೇಳಿಸ್ತಿತ್ತು. ಆದ್ರೂ ದುಂಬಿ ಸ್ವರ ಬಿಡ್ಲಿಲ್ಲ.

ಆಗ ಹಾಲ್ ಒಳಗಿಂದ ಒಂದು ಕೂಗು. "ಅಕ್..."

ಅಷ್ಟೇ. 'ಅಕ್ಕ' ಅನ್ನೋದರ ಕೊನೆ ಬರ್ಲೇ ಇಲ್ಲ. ದುಂಬಿಯ ಕಿವಿ ಆ ಕಡೆ ತಿರುಗ್ತು ನೋಡಿ, ಸ್ವರ ಪಟ್ ಅಂತ ಕಡೀತು, ಹೂಂಶ್ ಅಂತ ಗಾಳಿ ಒಳಗೆ ನುಗ್ಗಿತು. ಎದ್ದವಳೇ ಓಡಿದ್ಲು.

ಒಳಗೆ ಬೆತ್ತ ಎರಡು ತುಂಡಾಗಿ ಬಿದ್ದಿತ್ತು. ಮೇಷ್ಟ್ರು ಹುಡುಗೀನ ಕತ್ತು ಹಿಡಿದು ಗೋಡೆಗೆ ಒತ್ತಿದ್ರು, ಅದೇ ಖಾಲಿ ಜಾಗದಲ್ಲಿ. ಅವಳ ಕಾಲ್ಬೆರಳು ನೆಲ ಹುಡುಕ್ತಿತ್ತು. ಮೇಷ್ಟ್ರು ಅವಳ ಕಿವಿ ಹತ್ರ ಪಿಸುಗುಟ್ತಿದ್ರು. "ಹಿಡಿ... ಹಿಡಿ... ಬಿಡಬೇಡ."

ದುಂಬಿ ಮಡಚೋ ಕಬ್ಬಿಣದ ಕುರ್ಚಿ ಎತ್ತಿ ಬೀಸಿದ್ಲು. ಧಡ್. ಮೇಷ್ಟ್ರ ಕಿವಿ ಹರಿದು ಗೋಡೆಗೆ ರಕ್ತ ಚಿಮ್ಮಿತು. ಇನ್ನೊಂದು ಏಟು ಭುಜಕ್ಕೆ. ಅವರು ತಿರುಗಿ ಒದ್ದ ಒದೆಗೆ ಇವಳ ಪಕ್ಕೆಲುಬು ಲಟಕ್ ಅಂತು. ಬಿದ್ಲು. ಇಷ್ಟಾದ್ರೂ ಅವರ ಕೈ ಹುಡುಗಿ ಕತ್ತಿನಿಂದ ಜಾರಿರ್ಲಿಲ್ಲ. ಹುಡುಗಿ ಮುಖ ನೀಲಿ ಆಗ್ತಿತ್ತು.

ಟಕ್.

ಗೋಡೆ ಹತ್ರ. ಹುಡುಗಿ ಪಕ್ಕದಲ್ಲೇ. ಅಲ್ಲಿ ಯಾರೂ ಇರ್ಲಿಲ್ಲ.

ಮೇಷ್ಟ್ರು ಹಾಗೇ ನಿಂತ್ರು. ಆಮೇಲೆ ಗೋಡೆ ಕಡೆ ನೋಡ್ಕೊಂಡು, ಪಾಠ ಹೇಳೋ ದನಿಯಲ್ಲೇ ಅಂದ್ರು. "ಎಷ್ಟು ಸಲ ಹೇಳ್ಲಿ ನಿಂಗೆ? ಟಕ್ ಅನ್ಬೇಡ ಅಂತ."

ಬಾಯಿ ತಪ್ಪಿ ಬಂದ ಮಾತು ಅದು, ಮೇಷ್ಟ್ರ ಅಭ್ಯಾಸ. ಡ್ರೈವರೂ ಇಲ್ಲ, ಓಡಿಹೋಗಿದ್ದೂ ಇಲ್ಲ, ಗಡಿಗೆ ಬಾವಿ ಸೇರಿದ್ದು ಇವರ ಕೈಯಿಂದಲೇ ಅಂತ ದುಂಬಿಗೆ ನೆಲದ ಮೇಲೆ ಬಿದ್ದಲ್ಲೇ ಗೊತ್ತಾಯ್ತು.

ಗೋಡೆ ಹತ್ರ ಸ್ವರ ಎದ್ದಿತು. ಮ್‌ಮ್‌ಮ್... ಈ ಸಲ ಶ್ರುತಿ ಒಂದು ಕೂದಲೆಳೆ ಇಳಿದಿತ್ತು. ಬೇಕಂತಲೇ ಇಳಿಸಿದ ಹಾಗೆ. ಮೇಷ್ಟ್ರ ಮುಖ ಕಿವಿಚ್ಕೊಂಡ್ತು. ತಡ್ಕೊಂಡ್ರು... ಆಗ್ಲಿಲ್ಲ. ಕೈ ಸಡಿಲ ಬಿಟ್ಟು, ಎದೆ ತುಂಬ ಉಸಿರೆಳೆದು, ಸರಿಯಾದ ಸ್ವರ ಹಾಡಿದ್ರು. ಗೋಡೆ ಹತ್ರದ ದನಿ ಮೆಲ್ಲಗೆ ಏರಿ ಅದಕ್ಕೆ ಸೇರ್ಕೊಂಡ್ತು. ಜೋಡಿ ಆಯ್ತು.

ದುಂಬಿ ತೆವಳ್ಕೊಂಡು ಹೋಗಿ ತಂಗೀನ ಎಳ್ಕೊಂಡ್ಲು.

"ಯಾರಕ್ಕ ಅದು..."

"ಶ್. ಬಾಯಿ ಬಿಡ್ಬೇಡ."

ತನ್ನ ಎರಡೂ ಕೈಯಿಂದ ತಂಗಿಯ ಕಿವಿ ಮುಚ್ಚಿದ್ಲು. ತನ್ನ ಕಿವಿಗೆ ಕೈ ಉಳೀಲಿಲ್ಲ. ತಾನೂ ದನಿ ಸೇರಿಸಿಬಿಟ್ರೆ ಅಂತ ತುಟಿ ಕಚ್ಚಿ ಹಿಡಿದ್ಲು, ಹಲ್ಲು ಒಳಗೆ ಹೋಗೋವರೆಗೂ. ಅದಕ್ಕೇ ಪೂರ್ತಿ ಕೇಳಿಸ್ಕೊಂಡಿದ್ದು ಅವಳೊಬ್ಬಳೇ.

ಗೋಡೆ ಕಡೆಯವಳದು ಮೊದಲ ಸರದಿ. ಮೇಷ್ಟ್ರು ಕಾದ್ರು. ತಾವೇ ಕಲಿಸಿದ ಪಾಠ, ಅವರ ಮೈಗೂ ಇಳಿದಿತ್ತು. ಮುಖ ಕೆಂಪಾಯ್ತು, ಕಪ್ಪಾಯ್ತು. ಕತ್ತಿನ ನರ ಹಗ್ಗದ ಹಾಗೆ ಎದ್ದಿತು. ಮೂಗಲ್ಲಿ, ಹರಿದ ಕಿವಿಯಲ್ಲಿ ರಕ್ತ ಇಳೀತಿತ್ತು. ತಮ್ಮ ಗಂಟಲನ್ನೇ ಉಗುರಿಂದ ಪರಚ್ಕೊಂಡ್ರು, ಚರ್ಮ ಕಿತ್ತು ಬಂತು. ಸ್ವರ ಮಾತ್ರ ಬಿಡ್ಲಿಲ್ಲ. ಸಣ್ಣಗಾಯ್ತು, ದಾರದಷ್ಟಾಯ್ತು, ಆದ್ರೂ ಶ್ರುತಿ ಅಲ್ಲಾಡ್ಲಿಲ್ಲ. ಆಮೇಲೆ ಧೊಪ್ ಅಂತ ಬಿದ್ರು. ತಲೆ ನೆಲಕ್ಕೆ ಬಡಿದ ಸದ್ದಿಗೆ ಕಿಟಕಿ ಗಾಜು ಝಲ್ ಅಂತು.

ಗೋಡೆ ಹತ್ರದ ದನಿ ಇನ್ನೂ ಸ್ವಲ್ಪ ಹೊತ್ತು ಎಳೀತು. ನಿಲ್ತು. ಆಮೇಲೆ ಅಲ್ಲಿಂದಲೇ, ತುಂಬಾ ದಿನ ನೀರೊಳಗಿದ್ದು ಮೇಲೆ ಬಂದವರು ಎಳ್ಕೊಳ್ಳೋ ಹಾಗೆ, ಉದ್ದಕ್ಕೆ ಒಂದು ಉಸಿರು... ಹಾಆಆ...

ಡಾಕ್ಟರು ಮೇಷ್ಟ್ರ ಹೃದಯ ನಿಂತಿದೆ ಅಂದ್ರು. ಮಾರನೇ ದಿನ ದುಂಬಿ ಮಾತಿನ ಮೇಲೆ ಪೊಲೀಸರು ಜಾಲರಿ ತೆಗೆಸಿ ಬಾವಿಗೆ ಜನ ಇಳಿಸಿದ್ರು. ಏನೇನು ಸಿಕ್ತು ಅಂತ ರಾತ್ರಿ ಹೊತ್ತು ಹೇಳೋದು ಬೇಡ. ಗಡಿಗೆಯ ಕತ್ತಿನ ಮೂಳೆ ಮುರಿದಿತ್ತು, ಅಷ್ಟು ಸಾಕು.

ಸುಳ್ಳು ಅನ್ನೋರು ಅನ್ನಲಿ. ದುಂಬಿಯ ಪಕ್ಕೆಲುಬು ಇವತ್ತಿಗೂ ಸೊಟ್ಟಗಿದೆ, ಕೆಳತುಟಿ ಮೇಲೆ ಹಲ್ಲಿನ ಗಾಯ ಇದೆ, ಬೆಳಿಗ್ಗೆ ಬಂದು ನೋಡ್ಕೊಳ್ಳಿ. ನಡೆದದ್ದು ನಡೆದದ್ದೇ.

ಆ ವರ್ಷವೇ ಮೇಳಕ್ಕೆ ಹೊಸ ಟೀಚರ್ ಬಂದ್ರು. ಬೇರೆ ಊರಿನ ಹೆಂಗಸು, ಹಳೇದೇನೂ ಗೊತ್ತಿಲ್ಲ, ಗದರೋಕೂ ಬರಲ್ಲ. ದುಂಬಿಯ ತಂಗಿ ಗೋಡೆ ಪಕ್ಕದ ಜಾಗ ಖಾಲಿ ಬಿಟ್ಟು, ಒಂದು ಹೆಜ್ಜೆ ಈಚೆಗೆ ನಿಂತ್ಲು. ಗೇಣುದ್ದ ಉಸಿರಿನ ಹುಡುಗಿ, ಕೊನೇ ಸ್ವರವನ್ನ ಎಲ್ಲೂ ಕಡೀದೆ ದಡ ಮುಟ್ಟಿಸಿದ್ಲು. ಬೆನ್ನು ತಿರುಗಿಸಿ ಕೇಳಿಸ್ಕೊಳ್ತಿದ್ದ ಟೀಚರ್‌ಗೆ ತುಂಬಾ ಖುಷಿ ಆಯ್ತು.

"ಗೋಡೆ ಕಡೆಯವರ ಜೊತೆ ಉಸಿರು ಎಷ್ಟು ಚೆನ್ನಾಗಿ ಹಂಚ್ಕೋತೀಯಮ್ಮ," ಅಂದ್ರು. "ಆ ಟಕ್ ಒಂದು ಕಮ್ಮಿ ಮಾಡ್ಕೊಳ್ಳೋಕೆ ಹೇಳು ಅವರಿಗೆ."