ಲೋಟ ಎತ್ತೋಕೂ ಬಿಡದವಳು

ಹೃದಯದ ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸುವ ಕೋಣೆಯ ಹೊರಗೆ ಅಣ್ಣನಿಗಾಗಿ ಕಾಯುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು. ಇಬ್ಬರ ಗಂಡಂದಿರೂ ಒಳಗಿದ್ದರು.

“ನಮ್ಮನೆಯವರನ್ನ ಇಲ್ಲಿಗೆ ಹೊರಡಿಸೋಷ್ಟರಲ್ಲಿ ಸಾಕುಸಾಕಾಗುತ್ತೆ,” ಎಂದಳು ಕಿರಿಯಾಕೆ. “ಒಂದಿನ ಮಂಡಿನೋವು, ಒಂದಿನ ಹೊಟ್ಟೆನೋವು. ನಿಮ್ಮವರು ತಪ್ಪಿಸೋದೇ ಇಲ್ವಲ್ಲ ಅಕ್ಕ, ಏನು ಮಂತ್ರ ಹಾಕಿದೀರಿ?”

“ಮಂತ್ರವೇನಿಲ್ಲ. ಮನೇಲಿ ಒಂದು ಲೋಟ ಎತ್ತೋಕೂ ಬಿಡಲ್ಲ.”

“ಡಾಕ್ಟರು ಬೇಡ ಅಂದಿದಾರಾ?”

“ಸಣ್ಣಪುಟ್ಟ ಕೆಲಸ ಮಾಡಬಹುದು ಅಂದಿದಾರೆ. ಪುಣ್ಯಕ್ಕೆ ಇವರು ಆಗ ಹೊರಗಿದ್ರು.”

“ಮತ್ಯಾಕೆ?”

“ಇವರು ಬಡಗಿ ಕಣಮ್ಮ. ಬಾಗಿಲು ಹೊತ್ಕೊಂಡು ಒಬ್ಬರೇ ಮಹಡಿ ಹತ್ತಿದೋರು. ಸುಮ್ನೆ ಕೂತ್ರೆ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಇಲ್ಲಿ ಆದ್ರೆ ಮೆಟ್ಟಿಲು ಹತ್ತಿ, ಸೈಕಲ್ ತುಳೀರಿ ಅಂತಾರೆ. ಅದಕ್ಕೇ ನನಗಿಂತ ಮೊದಲೇ ಶೂ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ.”

“ಪಾಪ ಅಲ್ವಾ ಅಕ್ಕ?”

“ಪಾಪಾನೇ. ಇಲ್ಲಿನದು ಮುಗಿದ ದಿನ ಉಳಿ, ಸುತ್ತಿಗೆ ಎಲ್ಲಾ ಕೈಗೆ ಕೊಡ್ತೀನಿ. ತುಕ್ಕು ಹಿಡೀದ ಹಾಗೆ ಎಣ್ಣೆ ಹಚ್ಚಿ ಇಟ್ಟಿದೀನಿ.”

ಬಾಗಿಲು ತೆರೆಯಿತು. ಬಡಗಿ ಬೆವರು ಒರೆಸಿಕೊಳ್ಳುತ್ತ ಬಂದು ಬೆಂಚಿನ ಮೇಲಿದ್ದ ಚೀಲಕ್ಕೆ ಕೈ ಹಾಕಿದರು.

“ಬಿಡಿ, ನಾನು ತರ್ತೀನಿ,” ಎಂದಳು ಹೆಂಡತಿ.

“ನೋಡಮ್ಮ, ಮನೇಲೂ ಹೀಗೇ,” ಎಂದರು ಅವರು ಕಿರಿಯಾಕೆಗೆ. “ಇಲ್ಲಿಗೆ ಬಂದ್ರೇನೇ ನಾನು ಮನುಷ್ಯ.”

ಹಿಂದೆಯೇ ಕಿರಿಯಾಕೆಯ ಗಂಡ ಮಂಡಿ ನೀವಿಕೊಳ್ಳುತ್ತ ಬಂದು ನೀರಿನ ಬಾಟಲಿ ಎತ್ತಿಕೊಂಡ. ಆಕೆ ಅದನ್ನು ಮೆಲ್ಲಗೆ ಕಸಿದುಕೊಂಡಳು.

“ಬಿಡಿ, ಮುಚ್ಚಳ ನಾನು ತೆಗೀತೀನಿ.”

ಬಡಗಿಯ ಹೆಂಡತಿ ನಗು ತಡೆದುಕೊಂಡು ಮುಂದೆ ನಡೆದಳು. ನಾಲ್ವರೂ ಮೆಟ್ಟಿಲಿಳಿದು ಹೋದರು.